ಎರಡನೇ ಸಾಲಿನ ಸೀಸೆ

ಮಂಗಳವಾರ, ಹದಿನಾಲ್ಕನೇ ತಾರೀಕು
ಔಷಧಿ ಅಂಗಡಿಯ ಹಿಂದಿನ ಕೋಣೆ, ಮಧ್ಯಾಹ್ನದ ಊಟದ ಬಿಡುವು

ಪ್ರೀತಿಯ ತಮ್ಮಾ, ನನ್ನ ಮೊಂಡಾ,

ಹೇಗಿದ್ದೀಯ? ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕೇಳುವ ಮಾತು ಇದು. ಕೇಳಿ, ಉತ್ತರಕ್ಕೂ ಕಾಯದೆ ಮುಂದಕ್ಕೆ ಹೋಗಿಬಿಡುತ್ತೇವೆ. ಈ ಸಲ ನಾನು ಹೋಗುವುದಿಲ್ಲ. ನಿನ್ನ ಸೊಂಟನೋವು, ನಿನ್ನ ಹೆಂಡತಿಯ ಗಂಟಲು, ಅವೆಲ್ಲ ಆಮೇಲೆ. ಗುಬ್ಬಿ ಹೇಗಿದ್ದಾಳೆ? ಬೆಳಿಗ್ಗೆ ಎದ್ದಾಗ ಮಂಕಾಗಿ ಕೂತುಬಿಡುತ್ತಾಳಾ? ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಜಾರುತ್ತದಾ? ಹತ್ತು ದಿನದ ಹಿಂದೆ ಫೋನಿನಲ್ಲಿ ನಿನ್ನ ಮಗಳು ನಗುನಗುತ್ತ ಹೇಳಿದಳು, "ಅತ್ತೇ, ನನ್ನ ಹೆಬ್ಬೆರಳು ತಾನಾಗೇ ಕುಣಿಯುತ್ತೆ, ನಾನು ಹೇಳಿದ್ರೂ ಕೇಳಲ್ಲ." ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನೆನಪಾಯಿತು. ಚಿಕ್ಕಂದಿನಲ್ಲಿ ನೀನು ಮೂರ್ಛೆ ಬೀಳುವ ಮೊದಲೂ ಹೀಗೇ ಹೆಬ್ಬೆರಳು ಕುಣಿಯುತ್ತಿತ್ತು. ನಿನಗೆ ನೆನಪಿರಲಿಕ್ಕಿಲ್ಲ, ಬಿದ್ದವನಿಗೆ ಬಿದ್ದದ್ದು ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿದವಳಿಗೆ ಗೊತ್ತಿರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಮೂರು ಸಲ ನೋಡಿದೆನಲ್ಲೋ ಮಹಾರಾಯ. ನಾನು ಮಾತು ಶುರು ಮಾಡಿದರೆ ನೀನು ಪ್ರಾರ್ಥನೆ ಶುರು ಮಾಡುತ್ತೀಯ. "ಕರ್ತನೇ, ವಿಶ್ವಾಸದಿಂದ ಹಿಂಜಾರಿದ ನನ್ನ ಅಕ್ಕನನ್ನ..." ಅಂತ ನೀನು ಕಣ್ಣುಮುಚ್ಚಿದ್ದು ಇಲ್ಲಿಂದಲೇ ನನಗೆ ಕಾಣುತ್ತದೆ. ಹದಿನೈದು ನಿಮಿಷ ನಿಲ್ಲುವುದಿಲ್ಲ, ನಾನು ಫೋನನ್ನು ಮೇಜಿನ ಮೇಲಿಟ್ಟು ಗುಳಿಗೆ ಡಬ್ಬಿ ಜೋಡಿಸಿ ಬಂದರೂ ಇನ್ನೂ ಆಮೆನ್ ಬಂದಿರುವುದಿಲ್ಲ. ಕಾಗದ ಆದರೆ ನೀನು ಅದರ ಮಾತಿನ ಮಧ್ಯೆ ಪ್ರಾರ್ಥನೆ ಮಾಡಲಾರೆ. ಇವತ್ತೇ ಕೊರಿಯರ್‌ಗೆ ಕೊಡುತ್ತೇನೆ, ಗುರುವಾರ ನಿನ್ನ ಕೈಗೆ ಬರುತ್ತದೆ, ಭಾನುವಾರಕ್ಕೆ ಇನ್ನೂ ಮೂರು ದಿನ ಇರುತ್ತದೆ.

ನೀನು ಕಳಿಸಿದ ಕರಪತ್ರ ಕಳೆದ ಬುಧವಾರ ಬಂತು. "ಸಾಕ್ಷಿ ಭಾನುವಾರ" ಅಂತ ದಪ್ಪ ಅಕ್ಷರ, ಕೆಳಗೆ ನಿನ್ನ ಫೋಟೋ, ಪಾಸ್ಟರ್ ಕೋಟು ಹಾಕಿಕೊಂಡು ಅಪ್ಪನ ಹಾಗೇ ಗಂಟುಮುಖ. ಹಿಂದೆ ನಿನ್ನ ಕೈಬರಹ. ಅದನ್ನು ಎಷ್ಟು ಸಲ ಓದಿದೆನೆಂದರೆ ಈಗ ಬಾಯಿಪಾಠವಾಗಿದೆ. "ಅಕ್ಕಾ, ಭಾನುವಾರ ಗುಬ್ಬಿಯ ಗುಳಿಗೆ ಸೀಸೆಯನ್ನು ಸಾಕ್ಷಿಯ ಕಪಾಟಿನಲ್ಲಿ ಇಡುತ್ತೇವೆ. ಎರಡು ವಾರದಿಂದ ಅರ್ಧ ಮಾಡಿದ್ದೇವೆ, ಏನೂ ಆಗಿಲ್ಲ, ಸ್ತೋತ್ರ. ನೀನು ಬಂದು ಅವಳ ತಲೆ ಮೇಲೆ ಕೈ ಇಡು. ನನ್ನದು ನಿನ್ನ ಕೈಯಿಂದಲೇ ಶುರುವಾಯಿತು, ಅವಳದೂ ಹಾಗೇ ಆಗಲಿ." ಏನೂ ಆಗಿಲ್ಲ ಅಂತ ಬರೆದಿದ್ದೀಯಲ್ಲ ತಮ್ಮಾ, ಹೆಬ್ಬೆರಳನ್ನು ಯಾರು ನೋಡಿದರು? ಇಪ್ಪತ್ತೆರಡು ವರ್ಷದಿಂದ ಔಷಧಿ ಅಂಗಡಿಯಲ್ಲಿ ನಿಂತಿದ್ದೇನೆ. ಮೂರ್ಛೆಯ ಈ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಿದರೆ ಏನಾಗಬಹುದು ಅಂತ ನನಗೆ ಗೊತ್ತು. ಒಂದು ಸಲ ಬಿದ್ದು ಏಳುವುದಲ್ಲ. ಒಂದರ ಬೆನ್ನಿಗೆ ಒಂದು ಬರುತ್ತದೆ, ನಡುವೆ ಮಗುವಿಗೆ ಉಸಿರಾಡಲೂ ಬಿಡುವು ಸಿಗುವುದಿಲ್ಲ. ಆಸ್ಪತ್ರೆ ಮುಟ್ಟುವವರೆಗೂ ನಿಲ್ಲದೆ ಹೋದರೆ ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ನನ್ನ ಕೈಯ ಮಾತು ತೆಗೆದವನು ನೀನು. ಹಾಗಾಗಿ ಆ ಕೈಯ ಕಥೆ ಮೊದಲಿಂದ ಹೇಳುತ್ತೇನೆ, ಒಂದು ಸಲವಾದರೂ ಪೂರ್ತಿ ಕೇಳು. ನನಗೆ ಹದಿಮೂರು, ನಿನಗೆ ಹತ್ತು. ವಾರಕ್ಕೆ ಒಂದೆರಡು ಸಲ ನೀನು ಬೀಳುತ್ತಿದ್ದೆ. ಅಪ್ಪ ಡಾಕ್ಟರ್ ಮೆಟ್ಟಿಲು ಹತ್ತುವುದಿಲ್ಲ ಅಂತ ಹಟ ಹಿಡಿದಿದ್ದರು, ಪಾಸ್ಟರ್ ಮಗನಿಗೆ ಗುಳಿಗೆ ಅಂದರೆ ಸಭೆಯ ಮರ್ಯಾದೆ ಏನಾಗಬೇಕು! ಅಮ್ಮ ಕೊನೆಗೆ ಅಪ್ಪನಿಗೆ ಹೇಳದೆ ನಿನ್ನನ್ನು ಕರೆದುಕೊಂಡು ಹೋಗಿ ಬಂದಳು. ಗಾಜಿನ ಸೀಸೆ, ಐವತ್ತು ಗುಳಿಗೆ, ದಿನಕ್ಕೊಂದು. ಬಿಳಿಯ, ಚಪ್ಪಟೆ, ಬಾಯಿಗಿಟ್ಟರೆ ಬೇವೇ ವಾಸಿ ಅನ್ನುವಷ್ಟು ಕಹಿ. ಹತ್ತು ದಿನ ನೀನು ನುಂಗಿದೆ. ಹತ್ತನೇ ದಿನವೂ ಶಾಲೆಯ ಅಂಗಳದಲ್ಲಿ ಬಿದ್ದು ಹಲ್ಲು ಒಡೆದುಕೊಂಡೆ. ಆ ಗುಳಿಗೆ ಮೈಗೆ ಹತ್ತಲು ಎರಡು ಮೂರು ವಾರ ಬೇಕು ಅಂತ ಇವತ್ತು ನನಗೆ ಗೊತ್ತು, ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಸೀಸೆ ಸಿಕ್ಕಿತು. "ನೋಡಿದ್ಯಾ ನಿನ್ನ ಡಾಕ್ಟರ ಮಹಿಮೆ?" ಅಂದರು ಅಮ್ಮನಿಗೆ. ಮನೆಯೆಲ್ಲ ಉಪವಾಸ ಅಂತ ಸಾರಿದರು.

ಅದೇ ವಾರ ನನಗೆ ಸತ್ಯವೇದದ ವಾಕ್ಯ ಬಾಯಿಪಾಠದ ಬಹುಮಾನ ಬಂದಿತ್ತು, ನೆನಪಿದೆಯಾ? ಒಂದು ತಗಡಿನ ಡಬ್ಬಿ ತುಂಬ ಬಿಳಿ ಪೆಪ್ಪರಮೆಂಟು. ಉಪವಾಸ ಮುಗಿದ ಮೇಲೆ ತಿನ್ನೋಣ ಅಂತ ಬಟ್ಟೆಯ ಕೆಳಗೆ ಬಚ್ಚಿಟ್ಟಿದ್ದೆ. ಉಪವಾಸ ಮುಗಿದ ಮಾರನೇ ದಿನ, ಸೋಮವಾರ, ತೆರೆದರೆ ತಳದಲ್ಲಿ ಐದೋ ಆರೋ ಉಳಿದಿದ್ದವು. ನಿನಗೆ ಸ್ಕೇಲಿನಿಂದ ಬಾರಿಸಿದೆ. "ನಾನಲ್ಲ ಅಕ್ಕಾ, ದೇವರಾಣೆಗೂ ನಾನಲ್ಲ" ಅಂತ ನೀನು ಅತ್ತೆ. ನಿನ್ನೆ ತಾನೇ ಗುಣಪಡಿಸಿದ ದೇವರ ಮೇಲೇ ಸುಳ್ಳು ಆಣೆ ಇಡುತ್ತೀಯಾ ಅಂತ ಇನ್ನೂ ನಾಲ್ಕು ಬಿಟ್ಟೆ. ಕೊನೆಗೆ ಒಪ್ಪಿಕೊಂಡೆಯಲ್ಲ ಕಳ್ಳಾ! ಮುಂದಿನ ಭಾನುವಾರ ಸಭೆಯ ಎದುರಿಗೆ ಮಂಡಿಯೂರಿ ಪಾಪ ಅರಿಕೆ ಮಾಡಿದೆ, ಅಪ್ಪ ನಿನ್ನ ಬೆನ್ನು ತಟ್ಟಿದರು, ಅಮ್ಮ ಯಾಕೋ ಎದ್ದು ಹೊರಗೆ ಹೋದಳು. ಮೂವತ್ತು ವರ್ಷವಾದರೂ ನನ್ನ ಲೆಕ್ಕದಲ್ಲಿ ನೀನು ಪೆಪ್ಪರಮೆಂಟು ಕಳ್ಳನೇ.

ಎಲ್ಲಿಗೋ ಹೋದೆ. ಅದಕ್ಕೂ ಹಿಂದಿನ, ಉಪವಾಸದ ಕೊನೆಯ ಭಾನುವಾರಕ್ಕೆ ಬರುತ್ತೇನೆ. ಶುಕ್ರವಾರ ಸಂಜೆಯಿಂದ ನನ್ನ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಇಳಿದಿರಲಿಲ್ಲ. ಹಾಲ್‌ನ ಕಿಟಕಿಗಳೆಲ್ಲ ಮುಚ್ಚಿದ್ದವು, ಬೆಂಚಿಗೆ ಬೆಂಚು ತಾಗುವಷ್ಟು ಜನ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದರು. ಅಪ್ಪ ನಿನ್ನನ್ನು ಮುಂದೆ ಕೂರಿಸಿದರು. ನನಗೆ ಕತ್ತಿನ ಹಿಂದೆ ಬಿಸಿ ಹತ್ತಿತು, ಭುಜಕ್ಕಿಳಿಯಿತು, ಅಂಗೈಗೆ ಬಂದು ನಿಂತಿತು. ಕೆಂಡ ಹಿಡಿದ ಹಾಗೆ. ಯಾರೋ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದ ಹಾಗಾಯಿತು, ತಿರುಗಿ ನೋಡಿದರೆ ಹಿಂದೆ ಗೋಡೆ. ನಿನ್ನ ತಲೆ ಮೇಲೆ ಕೈ ಇಟ್ಟೆ. "ಎದ್ದೇಳು, ಇನ್ನು ನೀನು ಬೀಳೋದಿಲ್ಲ" ಅಂದೆ. ನನ್ನ ಬಾಯಿ, ಆದರೆ ನನ್ನ ದನಿಯಲ್ಲ, ದಪ್ಪಗೆ ಯಾರೋ ದೊಡ್ಡವರ ದನಿ. ಆಮೇಲೆ ಅರ್ಥವಿಲ್ಲದ ಮಾತು ಪುಂಖಾನುಪುಂಖವಾಗಿ ಬಂತು, ದೇವರ ಆತ್ಮ ಆಡಿಸುವ ಅನ್ಯಭಾಷೆ ಅಂತ ಜನ ಅಳತೊಡಗಿದರು. ಅಪ್ಪ ಅಲ್ಲೇ ಸೀಸೆ ತರಿಸಿ, ನಿನ್ನ ಹೆಸರಿನ ಚೀಟಿ ಅಂಟಿಸಿ, ವೇದಿಕೆ ಹಿಂದಿನ ಗಾಜಿನ ಕಪಾಟಿನಲ್ಲಿ ಇಟ್ಟರು. ಅಲ್ಲಿ ಆಗಲೇ ಒಬ್ಬರ ಕನ್ನಡಕ, ಒಬ್ಬರ ಊರುಗೋಲು ಇದ್ದವು. ನಿನ್ನ ಸೀಸೆಗೆ ಎರಡನೇ ಸಾಲು ಸಿಕ್ಕಿತು.

ನೀನು ಮತ್ತೆ ಬೀಳಲಿಲ್ಲ. ಇದನ್ನು ನಾನು ಅಲ್ಲಗಳೆಯುತ್ತಿಲ್ಲ. ನನಗೆ ಬೆಂಕಿಕೈ ಅಂತ ಹೆಸರು ಬಿತ್ತು. ಊರೂರಿನಿಂದ ಜನ ಬಂದರು. ಹದಿಮೂರು ವರ್ಷದ ಹುಡುಗಿಯ ಕಾಲಿಗೆ ಮುದುಕರು ಬಗ್ಗುತ್ತಿದ್ದರು, ನನಗೂ ತಲೆ ತಿರುಗಿತ್ತು, ಯಾಕೆ ಸುಳ್ಳು ಹೇಳಲಿ. ಎರಡು ವರ್ಷದ ಮೇಲೆ ಟೈಲರ್ ಹೆಂಡತಿ ಬಂದಳು. ಸಕ್ಕರೆ ಕಾಯಿಲೆ, ದಿನಾ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಅದೇ ಬಿಸಿ ಬಂತು, ಅದೇ ದನಿ, ಅದೇ ಮಾತು. ಅವಳ ಔಷಧಿ ಸೀಸೆಯೂ ಕಪಾಟಿಗೆ ಹೋಯಿತು. ಒಂದು ವಾರವೂ ಉಳಿಯಲಿಲ್ಲ ಅವಳು. "ಅವಳೊಳಗೆ ಸಂಶಯ ಇತ್ತು" ಅಂದರು ಅಪ್ಪ, ಹೆಣದ ಪೆಟ್ಟಿಗೆಯ ಪಕ್ಕದಲ್ಲೇ ನಿಂತು. ಹೊಲಿಯಲು ಕೊಟ್ಟಿದ್ದ ನನ್ನ ಬಿಳಿ ಅಂಗಿಯನ್ನು ಟೈಲರ್ ಮುಗಿಸಿ, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ತಂದು ನನ್ನ ಕೈಗೇ ಕೊಟ್ಟು ಹೋದ. ಮತ್ತೆ ಸಭೆಯ ಕಡೆ ತಲೆ ಹಾಕಲಿಲ್ಲ. ಅವತ್ತು ಅಮ್ಮ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ನನ್ನ ಎರಡೂ ಕೈಗೆ ಸೋಪು ಹಚ್ಚಿ ತೊಳೆದಳು, ತೊಳೆದೇ ತೊಳೆದಳು. ಆ ಅಂಗಿ ನಾನು ಹಾಕಲೇ ಇಲ್ಲ.

ನಾನು ಸಭೆ ಬಿಟ್ಟದ್ದು ಅದಾಗಿ ಎಷ್ಟೋ ವರ್ಷಕ್ಕೆ, ಆದರೆ ಬಿಡಲು ಶುರು ಮಾಡಿದ್ದು ಆ ಬಚ್ಚಲಿನಲ್ಲಿ. ಒಂದೊಂದೇ ಕಳಚಿ ಬಿತ್ತು. ಮೊದಲು ಅನ್ಯಭಾಷೆ, ಆಮೇಲೆ ನರಕ, ಆಮೇಲೆ ಪ್ರಾರ್ಥನೆ. ಕೊನೆಗೆ ಒಂದೇ ಒಂದು ಮಾತ್ರ ಕಳಚದೆ ಉಳಿಯಿತು, ಅದು ನೀನು. ದೇವರಿಲ್ಲ ಅಂದರೆ ನನ್ನ ತಮ್ಮನನ್ನು ನಿಲ್ಲಿಸಿದವರು ಯಾರು? ನೀನೂ ಪ್ರತಿ ಜಗಳದಲ್ಲಿ ಅದನ್ನೇ ತೆಗೆಯುತ್ತೀಯ. "ನಾನೇ ಸಾಕ್ಷಿ ಕಣೇ ಅಕ್ಕಾ. ಗುಳಿಗೆ ಕಪಾಟಿನೊಳಗೆ, ನಾನು ಕಪಾಟಿನ ಹೊರಗೆ. ವಾರ ತಪ್ಪದೆ ಬೀಳ್ತಿದ್ದವನು ನಲವತ್ತು ದಿನ ಬೀಳಲಿಲ್ಲ, ನಲವತ್ತು ವರ್ಷವಾದರೂ ಬೀಳಲ್ಲ." ನಿನ್ನ ನಲವತ್ತು ದಿನದ ಪ್ರಸಂಗ ಕೇಳಿ ನಾನೇ ಎಷ್ಟೋ ಸಲ ಮಾತು ಬದಲಿಸಿದ್ದೇನೆ.

ಈಗ ಅಮ್ಮನ ಹಾಡಿನ ಪುಸ್ತಕದ ವಿಷಯ. ಹೋದ ವರ್ಷ ಅಮ್ಮ ಹೋಗುವ ಮೊದಲು "ಸತ್ಯವೇದ ಮಗನಿಗೆ, ಹಾಡಿನ ಪುಸ್ತಕ ಮಗಳಿಗೆ" ಅಂದಿದ್ದಳಲ್ಲ. ಹಾಡಿಗಾದರೂ ಸೋತು ವಾಪಸ್ ಬರಲಿ ಅಂತ ಅಮ್ಮನ ಆಸೆ ಅಂತ ನೀನು ನಗಾಡಿದ್ದೆ. ನಾನು ಅದನ್ನು ಬೀರುವಿನಲ್ಲಿ ಹಾಕಿ ಮರೆತಿದ್ದೆ. ನಿನ್ನ ಕರಪತ್ರ ಬಂದ ಮಾರನೇ ದಿನ, ಅವತ್ತು ಯಾವ ಹಾಡು ಹಾಡಿದ್ದರು ಅಂತ ನೋಡಲು ತೆಗೆದೆ. ರಟ್ಟಿಗೆ ಹಾಕಿದ ಕಂದು ಕಾಗದ ಒಂದು ಮೂಲೆಯಲ್ಲಿ ಎದ್ದಿತ್ತು. ಬಿಡಿಸಿದರೆ ಒಳಗೆ ಔಷಧಿ ಅಂಗಡಿಯ ಚೀಟಿಗಳು, ಹಳದಿಯಾಗಿ, ತಾರೀಕಿನ ಪ್ರಕಾರ ಜೋಡಿಸಿ ಇಟ್ಟಿದ್ದಾಳೆ. ನಿನ್ನ ಹೆಸರು, ಅದೇ ಗುಳಿಗೆ, ಅದೇ ಡಾಕ್ಟರ ಸಹಿ. ನಾಲ್ಕು ವರ್ಷದ್ದು. ಕೊನೆಯ ವರ್ಷದ ಚೀಟಿಗಳಲ್ಲಿ ಮುಕ್ಕಾಲು, ಅರ್ಧ, ಕಾಲು ಅಂತ ಇಳಿಯುತ್ತಾ ಹೋಗಿದೆ. ಇಷ್ಟು ನಿಧಾನಕ್ಕೆ, ಇಷ್ಟು ಸರಿಯಾಗಿ ಇಳಿಸುವ ತಾಯಂದಿರನ್ನು ಈ ಕೌಂಟರಿನಲ್ಲಿ ನಾನು ಹೆಚ್ಚು ಕಂಡಿಲ್ಲ. ಚಿಕ್ಕಂದಿನ ಮೂರ್ಛೆ ಎಷ್ಟೋ ಮಕ್ಕಳಿಗೆ ಬೆಳೆಯುತ್ತ ಬಿಟ್ಟುಹೋಗುತ್ತದೆ, ನಿನಗೂ ಬಿಟ್ಟಿತು. ಅಲ್ಲಿಯವರೆಗೆ ಕಾದವಳು ಅಮ್ಮ.

ದಿನಾ ಬೆಳಿಗ್ಗೆ ನಿನ್ನ ಹಾಲು ಕಹಿ ಇರುತ್ತಿತ್ತು, ನೆನಪು ಮಾಡಿಕೋ. "ಹೊಟ್ಟೆಹುಳುವಿನ ಪುಡಿ ಹಾಕಿದ್ದೀನಿ, ಬಾಯಿ ಮುಚ್ಕೊಂಡು ಕುಡಿ" ಅನ್ನುತ್ತಿದ್ದಳು. ನನಗೆ ಕೊಡುತ್ತಿರಲಿಲ್ಲ, ಅಪ್ಪನಿಗೂ ಇಲ್ಲ, ನಿನಗೊಬ್ಬನಿಗೇ. ನಾಲ್ಕು ವರ್ಷ ಬಿಡದೆ ಹುಳು ಇರಲು ನಿನ್ನದೇನು ಹೊಟ್ಟೆಯೋ ಗೊಬ್ಬರದ ಗುಂಡಿಯೋ? ಭಾನುವಾರ ಸಭೆಯಲ್ಲಿ ಎದ್ದು ನಿಂತು ಅದ್ಭುತಕ್ಕೆ ಸಾಕ್ಷಿ ಹೇಳುವುದು, ಸೋಮವಾರ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಗುಳಿಗೆ ಕುಟ್ಟುವುದು. ನಾಲ್ಕು ವರ್ಷ ಒಬ್ಬಳೇ. ನಾನು ದೇವರನ್ನು ಕಳೆದುಕೊಂಡಾಗ ಅಳಲಿಲ್ಲ ತಮ್ಮಾ, ಈ ಚೀಟಿ ಹಿಡಿದುಕೊಂಡು ಕೂತು ಅತ್ತೆ.

ಹಾಗಾದರೆ ಅವತ್ತು ನನ್ನ ಕೈಗೆ ಬಂದದ್ದೇನು? ನಾನು ನಾಟಕ ಮಾಡಲಿಲ್ಲ. ಅಂಗೈ ಸುಟ್ಟದ್ದು ನಿಜ. ವರ್ಷಗಟ್ಟಲೆ ಅದನ್ನೇ ಕೆದಕಿದ್ದೇನೆ. ಮೂರು ತಿಂಗಳ ಹಿಂದೆ ಅಂಗಡಿಗೆ ಬಂದ ಒಬ್ಬ ಮುದುಕರು ಕೌಂಟರಿನ ಮುಂದೆಯೇ ಕುಸಿದರು. ಹಾರಿ ಹೋಗಿ ಅವರ ತಲೆ ನೆಲಕ್ಕೆ ಬಡಿಯದ ಹಾಗೆ ಹಿಡಿದೆ. ಅದೇ ಬಿಸಿ ಬಂತು ಕಣೋ. ಕತ್ತು, ಭುಜ, ಅಂಗೈ. ಹಾಡಿಲ್ಲ, ಪ್ರಾರ್ಥನೆಯಿಲ್ಲ, ದೇವರ ಹೆಸರೆತ್ತಿದವರಿಲ್ಲ. ಅಯ್ಯೋ ಇವರು ಸತ್ತುಹೋದರೆ ಅನ್ನುವ ಹೆದರಿಕೆಯೊಂದೇ. ಹೆದರಿಕೆ ಮತ್ತು ಮರುಕ ಒಟ್ಟಿಗೆ ಬಂದಾಗ ನನ್ನ ಕೈ ಬಿಸಿಯಾಗುತ್ತದೆ, ಅಷ್ಟೇ. ಅವತ್ತು ಹಲ್ಲು ಒಡೆದುಕೊಂಡ ನನ್ನ ತಮ್ಮನ ಮೇಲೆ ಆ ಕೈ ಇಟ್ಟೆ. ಅದು ಪ್ರೀತಿಯಾಗಿತ್ತು, ಔಷಧಿಯಾಗಿರಲಿಲ್ಲ. ಟೈಲರ್ ಹೆಂಡತಿಗೆ ಆ ವ್ಯತ್ಯಾಸ ಹೇಳುವವರು ಯಾರೂ ಇರಲಿಲ್ಲ. ಈ ಕಾಗದ ಬರೆಯುತ್ತಿರುವಾಗಲೂ ಪೆನ್ನು ಬೆವರುವಷ್ಟು ಕೈ ಬಿಸಿಯಾಗಿದೆ.

ನೀನು ಏನು ಹೇಳುತ್ತೀಯ ಅಂತ ಗೊತ್ತು, ನಿನ್ನನ್ನು ಎತ್ತಿ ಆಡಿಸಿದವಳು ನಾನು. ಅಮ್ಮ ದುರ್ಬಲಳಾಗಿ ಕೊಂಡಿರಬಹುದು, ಕೊಟ್ಟಳೆಂದು ಏನು ಗ್ಯಾರಂಟಿ ಅನ್ನುತ್ತೀಯ. ಮೊದಲ ಚೀಟಿಯ ತಾರೀಕು ನೋಡಿದೊಡನೆ ನಿನ್ನ ಮುಖ ಅರಳುತ್ತದೆ. ಆ ಭಾನುವಾರದಿಂದ ನಲವತ್ತೊಂದನೇ ದಿನದ್ದು ಅದು. "ಆ ನಲವತ್ತು ದಿನ ಯಾರು ಕಾದರು ಹೇಳು?" ಅನ್ನುತ್ತೀಯ. ಮತ್ತೆ ನಿನ್ನ ನಲವತ್ತೇ! ಅದಕ್ಕೆ ಮಾತ್ರ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ, ಇಲ್ಲದ್ದನ್ನು ಇದೆ ಅನ್ನುವುದಿಲ್ಲ. ಆದರೆ ನನ್ನ ಒಂದು ಪ್ರಶ್ನೆಗೆ ಉತ್ತರವಿಲ್ಲ ಅಂತ ಒಂಬತ್ತು ವರ್ಷದ ಮಗುವನ್ನು ಪಣಕ್ಕೆ ಇಡಬೇಡವೋ. ಗುಬ್ಬಿಗೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಟ್ಟುವ ಅಮ್ಮ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಇವತ್ತೇ ಪೂರ್ತಿ ಗುಳಿಗೆ ಕೊಡು, ನಾಳೆಯೇ ಡಾಕ್ಟರಿಗೆ ಬೆರಳಿನ ವಿಷಯ ಹೇಳು. ಪ್ರಾರ್ಥನೆ ಮಾಡು, ಬೇಡ ಅಂದವರು ಯಾರು, ಗುಳಿಗೆ ನುಂಗಿಸಿ ಮಾಡು.

ಭಾನುವಾರ ಬರುತ್ತೇನೆ. ನೀನು ಕರೆದಿದ್ದೀಯ, ಮುಂದಿನ ಬೆಂಚಿನಲ್ಲೇ ಕೂರುತ್ತೇನೆ, ಬ್ಯಾಗಿನಲ್ಲಿ ಚೀಟಿ ಇರುತ್ತವೆ. ಕೈ ಮಾತ್ರ ಮಡಿಲಲ್ಲೇ ಇರುತ್ತದೆ. ನೀನು ಗುಬ್ಬಿಯ ಸೀಸೆ ಹಿಡಿದುಕೊಂಡು ಆ ಕಪಾಟಿನ ಕಡೆ ತಿರುಗಿದರೆ ಎದ್ದು ನಿಂತು ಒಂದೊಂದೇ ಚೀಟಿ ಓದುತ್ತೇನೆ, ಬೆಂಕಿಕೈ ಓದುತ್ತಿದ್ದಾಳೆ ಅಂದರೆ ಜನ ಕೇಳುತ್ತಾರೆ. ಅಮ್ಮನ ಗುಟ್ಟು ಬೀದಿಗೆ ಬೀಳುತ್ತದೆ, ನಿನ್ನ ಸಭೆಯೂ ಒಡೆಯುತ್ತದೆ. ಅದು ನನಗೆ ಬೇಕಿಲ್ಲ. ಆದರೆ ಮಾಡುತ್ತೇನೆ, ನಾನೂ ನಿನ್ನ ಅಕ್ಕನೇ, ಮೊಂಡುತನ ನಿನಗೊಬ್ಬನಿಗೇ ಹಂಚಿಲ್ಲ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಗಂಟಲಿಗೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲಿ. ಗುಬ್ಬಿಯ ಎರಡೂ ಹೆಬ್ಬೆರಳಿಗೆ ಅತ್ತೆಯ ಮುತ್ತು. ಆಶೀರ್ವಾದ ಮಾಡಲು ನನ್ನ ಹಿಂದೆ ಈಗ ಯಾರೂ ಇಲ್ಲ, ಇದ್ದಷ್ಟು ನನ್ನದೇ. ನೀನು ನೂರು ವರ್ಷ ಬಾಳು, ನಿನ್ನ ಮಗಳು ನಿನಗಿಂತ ಹೆಚ್ಚು ಬಾಳಲಿ.

ನಿನ್ನನ್ನು ಹೊಡೆದೂ ಸಾಕಿದ,
ಅಕ್ಕ

ಮರೆತದ್ದು: ಅಂಟು ಹಚ್ಚಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ, ಕೊರಿಯರ್‌ನವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಐವತ್ತು ಗುಳಿಗೆಯಲ್ಲಿ ನೀನು ಹತ್ತು ನುಂಗಿದ್ದೆ. ಉಳಿದದ್ದು ನಲವತ್ತು, ದಿನಕ್ಕೊಂದರಂತೆ ನಲವತ್ತು ದಿನಕ್ಕೆ. ಆ ಭಾನುವಾರ ಸಭೆ ಮುಗಿದ ಮೇಲೆ ಹಾಲ್ ಗುಡಿಸಿ ಕಪಾಟಿನ ಗಾಜು ಒರೆಸಿದವಳು ಅಮ್ಮ. ಸೋಮವಾರ ನನ್ನ ಪೆಪ್ಪರಮೆಂಟು ಡಬ್ಬಿ ಹೆಚ್ಚುಕಡಿಮೆ ಬರಿದಾಗಿತ್ತು. ಮೂವತ್ತು ವರ್ಷ ನನಗೆ ಹೊಳೆಯಲಿಲ್ಲವಲ್ಲೋ! ಕಪಾಟಿನ ಬೀಗದ ಕೈ ನಿನ್ನ ಹತ್ತಿರವೇ ಇದೆ. ಯಾರೂ ಇಲ್ಲದಾಗ ಹೋಗು, ಎರಡನೇ ಸಾಲಿನ ನಿನ್ನ ಸೀಸೆ ತೆಗೆ, ಒಂದನ್ನು ನಾಲಿಗೆಯ ತುದಿಗೆ ಮುಟ್ಟಿಸು. ಕಹಿಯಿದ್ದರೆ ತಕ್ಷಣ ಉಗುಳು, ಅಕ್ಕ ಸುಳ್ಳಿ ಅಂತ ಸಭೆಯಲ್ಲಿ ಹೇಳು. ಸಿಹಿಯಿದ್ದರೆ ಯಾರಿಗೂ ಏನೂ ಹೇಳಬೇಡ, ಮನೆಗೆ ಹೋಗಿ ಗುಬ್ಬಿಗೆ ಗುಳಿಗೆ ಕೊಡು. ಮೊಂಡಾ, ನನ್ನ ಪೆಪ್ಪರಮೆಂಟು ನೀನು ಕದ್ದಿರಲಿಲ್ಲ. ತಪ್ಪಾಯಿತು ಕಣೋ.